ಇಂದಿನ ಗೆಲುವೋ, ನಾಳಿನ ಆಟಗಾರನೋ?

‘ನಾಳೆ ಎಂದವನ ಮನೆ ಹಾಳು’ ಎಂಬುದು ಒಂದು ಗಾದೆ. ‘ತಾಳಿದವನು ಬಾಳಿಯಾನು’ ಎಂಬುದು ಇನ್ನೊಂದು. ಎರಡೂ ನಮ್ಮ ಹಿರಿಯರ ಅನುಭವದಿಂದ ಹುಟ್ಟಿದ ಮಾತುಗಳೇ. ಎರಡನ್ನೂ ಒಟ್ಟಿಗೆ ಪಾಲಿಸುವುದು ಮಾತ್ರ ಕಷ್ಟ. ಆಟದ ತಂಡಗಳನ್ನು ನಡೆಸುವವರು ವರ್ಷವರ್ಷವೂ ಈ ಎರಡು ಗಾದೆಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ತಂಡವೊಂದು ಪ್ರಶಸ್ತಿಯ ಹತ್ತಿರಕ್ಕೆ ಬಂದಿದೆ, ಆದರೆ ಒಂದೆರಡು ಕಡೆ ಬಲ ಸಾಲದೆ ತಡವರಿಸುತ್ತಿದೆ ಎಂದಿಟ್ಟುಕೊಳ್ಳೋಣ. ಅದರ ಬಳಿ ಮೀಸೆ ಚಿಗುರುತ್ತಿರುವ ಕೆಲವು ಪ್ರತಿಭಾವಂತ ಹುಡುಗರಿದ್ದಾರೆ. ಅವರನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು, ಪಳಗಿದ ಆಟಗಾರನೊಬ್ಬನನ್ನು ತಂದುಕೊಂಡು ಈ ವರ್ಷವೇ ಗೆಲ್ಲಲು ನೋಡಬೇಕೆ? ಅಥವಾ ಈ ವರ್ಷದ ಸೋಲನ್ನು ನುಂಗಿಕೊಂಡು ಹುಡುಗರನ್ನು ಬೆಳೆಸಬೇಕೆ?

ಹಳೇಬೀಡು, ಬೇಲೂರು, ಅರಸೀಕೆರೆಯ ಕಡೆಯ ರೈತನಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಮಳೆ ಕೈಕೊಟ್ಟ ವರ್ಷ ಬಿತ್ತನೆಗೆಂದು ತೆಗೆದಿರಿಸಿದ ರಾಗಿಯನ್ನು ಬೀಸಿ ಉಣ್ಣಬೇಕೆ ಬೇಡವೆ ಎಂದು ಅವನು ಯೋಚಿಸಲೇಬೇಕು. ಉಣ್ಣದಿದ್ದರೆ ಇಂದಿನ ಹಸಿವು. ಉಂಡರೆ ಮುಂದಿನ ವರ್ಷ ಹೊಲ ಬೀಳು. ಆಟದ ತಂಡದ ಲೆಕ್ಕವೂ ಬಹುಮಟ್ಟಿಗೆ ಇದೇ.

ಈ ವಿನಿಮಯವನ್ನು ಒಂದು ಶಾಸ್ತ್ರದಂತೆ ಬೆಳೆಸಿದವರು ಅಮೆರಿಕದ ಬೇಸ್‌ಬಾಲ್ ತಂಡದವರು. ಅಲ್ಲಿ ಪ್ರತಿಯೊಂದು ದೊಡ್ಡ ತಂಡದ ಕೈಕೆಳಗೂ ಕೆಲವು ಚಿಕ್ಕ ತಂಡಗಳಿರುತ್ತವೆ. ಎಳೆಯ ಆಟಗಾರರು ಅಲ್ಲಿ ಪಳಗಿ ಮೇಲೆ ಬರಬೇಕು. ಋತುವಿನ ನಡುವೆ ದೊಡ್ಡ ತಂಡಕ್ಕೆ ನೆರವು ಬೇಕಾದಾಗ ಈ ಎಳೆಯರನ್ನೇ ಕೊಟ್ಟು ಬೇರೆ ತಂಡದ ನುರಿತವನನ್ನು ಪಡೆಯುವುದುಂಟು. ಇದರ ಲಾಭ ನಷ್ಟಗಳನ್ನು ತಿಳಿಯಲು ಎರಡು ಉದಾಹರಣೆಗಳು ಸಾಕು.

1987ರ ಆಗಸ್ಟ್ ತಿಂಗಳಲ್ಲಿ ಡೆಟ್ರಾಯಿಟ್ ನಗರದ ತಂಡವು ಡಾಯ್ಲ್ ಅಲೆಗ್ಸಾಂಡರ್ ಎಂಬ ಹಿರಿಯ ಎಸೆತಗಾರನನ್ನು ಅಟ್ಲಾಂಟಾ ತಂಡದಿಂದ ತರಿಸಿಕೊಂಡಿತು. ಆತ ಬಂದ ಮೇಲೆ ಒಂಬತ್ತು ಪಂದ್ಯಗಳನ್ನು ಗೆದ್ದುಕೊಟ್ಟ, ಒಂದನ್ನೂ ಸೋಲಲಿಲ್ಲ. ತಂಡ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಆದರೆ ಮುಂದಿನ ಸುತ್ತಿನಲ್ಲೇ ಸೋತಿತು. ಅವನಿಗಾಗಿ ಕೊಟ್ಟದ್ದು ಜಾನ್ ಸ್ಮೋಲ್ಟ್ಸ್ ಎಂಬ ಇಪ್ಪತ್ತು ವರ್ಷದ ಹುಡುಗನನ್ನು. ಅವನು ಡೆಟ್ರಾಯಿಟ್ ಇರುವ ಮಿಷಿಗನ್ ಪ್ರಾಂತದಲ್ಲೇ ಹುಟ್ಟಿ ಬೆಳೆದವನು. ಆ ಹುಡುಗ ಅಟ್ಲಾಂಟಾ ತಂಡಕ್ಕೆ ಇಪ್ಪತ್ತು ವರ್ಷ ಆಡಿ, 2015ರಲ್ಲಿ ಆ ಆಟದ ಕೀರ್ತಿಮಂದಿರವನ್ನು ಸೇರಿದ. ಮನೆಯ ಮಗನನ್ನು ಕೊಟ್ಟು ಎರಡು ತಿಂಗಳ ಸಂಭ್ರಮವನ್ನು ಕೊಂಡಂತಾಯಿತು.

ಹಾಗೆಂದು ಈ ವಿನಿಮಯ ಯಾವಾಗಲೂ ಮೂರ್ಖತನವೆಂದು ಹೇಳುವಂತಿಲ್ಲ. 2016ರಲ್ಲಿ ಷಿಕಾಗೋ ಕಬ್ಸ್ ತಂಡವು ಗ್ಲೇಬರ್ ಟೊರೆಸ್ ಎಂಬ ಹತ್ತೊಂಬತ್ತರ ಹುಡುಗನನ್ನೂ ಇನ್ನೂ ಮೂವರನ್ನೂ ಕೊಟ್ಟು ಅರೋಲ್ಡಿಸ್ ಚಾಪ್ಮನ್ ಎಂಬ ವೇಗದ ಎಸೆತಗಾರನನ್ನು ತಂದಿತು. ಚಾಪ್ಮನ್ ಆ ಋತು ಮುಗಿದೊಡನೆ ಹೊರಟುಹೋದ. ಆದರೆ ಅಷ್ಟರೊಳಗೆ ಕಬ್ಸ್ ತಂಡ 108 ವರ್ಷಗಳ ಬಳಿಕ ಪ್ರಶಸ್ತಿಯನ್ನು ಗೆದ್ದಿತ್ತು. ಮೂರು ತಲೆಮಾರು ಕಾದ ಊರಿನವರನ್ನು ‘ಇದು ದುಬಾರಿಯಾಯಿತೆ?’ ಎಂದು ಕೇಳಿದರೆ ಅವರು ನಕ್ಕು ಸುಮ್ಮನಾದಾರು.

ಈಗ ನಮ್ಮ ನಾಡಿಗೆ ಬರೋಣ. ನಮ್ಮಲ್ಲಿ ಬೇಸ್‌ಬಾಲ್ ಇಲ್ಲ, ಕ್ರಿಕೆಟ್ ಇದೆ. ಕ್ರಿಕೆಟ್ಟಿನಲ್ಲಿ ಈ ಪ್ರಶ್ನೆ ಮೊದಲು ಕಾಣಿಸಿಕೊಳ್ಳುವುದು ಕೊಡುವ ಕೊಳ್ಳುವ ರೂಪದಲ್ಲಿ ಅಲ್ಲ, ಸ್ಥಾನ ಬಿಟ್ಟುಕೊಡುವ ರೂಪದಲ್ಲಿ. ತಂಡದಲ್ಲಿರುವುದು ಹನ್ನೊಂದೇ ಜಾಗ. ಹಳಬನು ನಿಂತರೆ ಹೊಸಬನು ಕೂರಬೇಕು.

ಹಳೇಬೀಡಿನಿಂದ ಬಾಣಾವರದ ಕಡೆಗೆ ಹೋಗುವಾಗ ಸಿಗುವ ಊರು ಜಾವಗಲ್. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದಿಂದ ಹೆಸರಾಗಿದ್ದ ಈ ಊರನ್ನು ಲೋಕಕ್ಕೆಲ್ಲ ಪರಿಚಯಿಸಿದವರು ವೇಗದ ಬೌಲರ್ ಜಾವಗಲ್ ಶ್ರೀನಾಥರು. ಹುಟ್ಟಿದ್ದು ಮೈಸೂರಿನಲ್ಲಿ, 1969ರಲ್ಲಿ. 1989ರಲ್ಲಿ ಕರ್ನಾಟಕದ ಪರವಾಗಿ ಹೈದರಾಬಾದಿನ ಎದುರು ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಸಾಧಿಸಿದರು. 1991ರ ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದರು. ಆದರೆ ಸ್ವದೇಶದಲ್ಲಿ ಅವರು ಮೊದಲ ಟೆಸ್ಟ್ ಆಡಿದ್ದು 1994ರ ನವೆಂಬರಿನಲ್ಲಿ, ಮುಂಬಯಿಯಲ್ಲಿ! ನಡುವೆ ಮೂರು ವರ್ಷಗಳು. ನಮ್ಮ ಮೈದಾನಗಳಲ್ಲಿ ಸ್ಪಿನ್ ಬೌಲರುಗಳಿಗೇ ಪ್ರಾಶಸ್ತ್ಯ. ಉಳಿದ ವೇಗದ ಸ್ಥಾನದಲ್ಲಿ ಕಪಿಲ್ ದೇವರಿದ್ದರು. ಅವರು ಹ್ಯಾಡ್ಲಿಯವರ 431 ವಿಕೆಟ್ಟುಗಳ ದಾಖಲೆಯನ್ನು 1994ರ ಫೆಬ್ರವರಿಯಲ್ಲಿ ದಾಟಿದರು. ದೇಶವೇ ಅದಕ್ಕಾಗಿ ಕಾದಿತ್ತು, ಸಂತೋಷಪಟ್ಟಿತು. ಆದರೆ ಇಪ್ಪತ್ತೆರಡರಿಂದ ಇಪ್ಪತ್ತೈದು, ವೇಗದ ಬೌಲರನ ತೋಳಿನಲ್ಲಿ ಕಸುವು ತುಂಬಿರುವ ವಯಸ್ಸು. ಆ ವರ್ಷಗಳಲ್ಲಿ ಶ್ರೀನಾಥರು ಸ್ವದೇಶದ ಟೆಸ್ಟುಗಳನ್ನು ಹೊರಗಿನಿಂದ ನೋಡಬೇಕಾಯಿತು. ಮುಂದೆ ಅವರು 67 ಟೆಸ್ಟುಗಳಲ್ಲಿ 236 ವಿಕೆಟ್ಟುಗಳನ್ನು ಪಡೆದರು. ಆ ಮೂರು ವರ್ಷ ಸೇರಿದ್ದರೆ ಎಷ್ಟಾಗುತ್ತಿತ್ತೆಂಬುದನ್ನು ಯಾವ ಲೆಕ್ಕಿಗನೂ ಹೇಳಲಾರ. ಇಂದಿನದನ್ನು ಕಾಯ್ದುಕೊಳ್ಳಲು ನಾಳಿನದನ್ನು ತೆತ್ತಾಗ ನಷ್ಟವು ಹೀಗೆ ಕಣ್ಣಿಗೆ ಕಾಣದೆ ಉಳಿಯುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಎಳೆಯರ ಮೇಲಿನ ಭರವಸೆಯೆಲ್ಲವೂ ಫಲ ಕೊಡುವುದಿಲ್ಲ. ಅರಸೀಕೆರೆಯಲ್ಲೇ ಹುಟ್ಟಿದ ಡೇವಿಡ್ ಜಾನ್ಸನ್ನರು 1996ರಲ್ಲಿ ಭಾರತದ ಪರ ಎರಡು ಟೆಸ್ಟುಗಳನ್ನು ಆಡಿದರು. ಬಹಳ ವೇಗದ ಬೌಲರೆಂದು ಹೆಸರಾಗಿದ್ದರು. ಆ ಎರಡು ಪಂದ್ಯಗಳಲ್ಲಿ ಸಿಕ್ಕಿದ್ದು ಮೂರು ವಿಕೆಟ್. ಮತ್ತೆ ಕರೆ ಬರಲಿಲ್ಲ. 2024ರಲ್ಲಿ ಅವರು ತೀರಿಕೊಂಡರು. ಒಂದೇ ತಾಲ್ಲೂಕಿಗೆ ಸಂಬಂಧಪಟ್ಟ ಇಬ್ಬರು ಬೌಲರುಗಳು. ಒಬ್ಬರಿಗೆ 67 ಟೆಸ್ಟ್, ಇನ್ನೊಬ್ಬರಿಗೆ 2. ಇಬ್ಬರೂ ಹುಡುಗರಾಗಿದ್ದಾಗ ಯಾರು ಎಲ್ಲಿಗೆ ಮುಟ್ಟುವರೆಂದು ಹೇಳಬಲ್ಲವರು ಯಾರಿದ್ದರು? ಆದುದರಿಂದ ‘ಹುಡುಗನನ್ನು ಕೊಡಬಾರದು’ ಎಂದು ಕಣ್ಣುಮುಚ್ಚಿ ಹೇಳುವುದೂ ಸರಿಯಲ್ಲ. ತಂಡವು ಕೊಡುವುದು ಒಂದು ಸಂಭವವನ್ನು. ಪಡೆಯುವುದು ಹೆಚ್ಚು ಖಚಿತವಾದ, ಆದರೆ ಅಲ್ಪಕಾಲದ ನೆರವನ್ನು.

ಕಾಯುವಿಕೆಗೆ ಫಲ ಸಿಕ್ಕ ಕಥೆ ನಮ್ಮ ರಾಜ್ಯ ತಂಡದ್ದೇ ಇದೆ. 1998-99ರಲ್ಲಿ ರಣಜಿ ಟ್ರೋಫಿ ಗೆದ್ದ ಮೇಲೆ ಕರ್ನಾಟಕ ಬಹುಕಾಲ ಬರಿಗೈಯಲ್ಲಿತ್ತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ, ಇಪ್ಪತ್ತರ ಹರೆಯದ ಮನೀಷ್ ಪಾಂಡೆಯವರು 144 ಓಟಗಳನ್ನು ಹೊಡೆದರೂ, ಕೇವಲ 6 ಓಟಗಳಿಂದ ಮುಂಬಯಿಗೆ ಸೋತಿತು. ಅಷ್ಟು ಹತ್ತಿರ ಬಂದು ಸೋತ ತಂಡಕ್ಕೆ ಹೊರಗಿನಿಂದ ಇಬ್ಬರು ನುರಿತವರನ್ನು ಕರೆತರುವ ಆಸೆ ಹುಟ್ಟುವುದು ಸಹಜ. ಕರ್ನಾಟಕವು ತನ್ನ ಹುಡುಗರನ್ನೇ ನೆಚ್ಚಿತು. 2013-14ರಲ್ಲಿ ಕೆ. ಎಲ್. ರಾಹುಲ್ ಅವರು ಒಂದೇ ಋತುವಿನಲ್ಲಿ 1033 ಓಟಗಳನ್ನು ಗಳಿಸಿದರು. ಕರುಣ್ ನಾಯರ್ ಅವರು ರಣಜಿಗೆ ಕಾಲಿಟ್ಟದ್ದೂ ಆಗಲೇ. ವಿನಯ್ ಕುಮಾರರ ನಾಯಕತ್ವದಲ್ಲಿ ಆ ವರ್ಷವೂ ಮರುವರ್ಷವೂ ಟ್ರೋಫಿ ಕರ್ನಾಟಕಕ್ಕೆ ಬಂತು. 2014-15ರ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ಎದುರು ಕರುಣರು ಹೊಡೆದದ್ದು 328.

ಆದರೆ ಐ.ಪಿ.ಎಲ್. ಪಂದ್ಯಗಳಲ್ಲಿ ಲೆಕ್ಕವೇ ಬೇರೆ. ರಾಜ್ಯ ತಂಡದ ಹುಡುಗನು ಬೆಳೆದರೆ ಸಾಮಾನ್ಯವಾಗಿ ತನ್ನ ರಾಜ್ಯಕ್ಕೇ ಆಡುತ್ತಾನೆ. ಐ.ಪಿ.ಎಲ್. ತಂಡದಲ್ಲಿ ಮೂರು ನಾಲ್ಕು ವರ್ಷಗಳಿಗೊಮ್ಮೆ ದೊಡ್ಡ ಹರಾಜು ನಡೆದು, ಬೆರಳೆಣಿಕೆಯವರ ಹೊರತು ಉಳಿದವರೆಲ್ಲ ಚದರಿಹೋಗುತ್ತಾರೆ. ತೆಂಗಿನ ಸಸಿ ನೆಟ್ಟವನಿಗೆ ಮೂರೇ ವರ್ಷದ ಗುತ್ತಿಗೆಗೆ ತೋಟ ಕೊಟ್ಟಂತೆ; ಕಾಯಿ ಬಿಡುವ ಹೊತ್ತಿಗೆ ತೋಟ ಬೇರೆಯವರದು. ಹಾಗಿದ್ದರೂ ಅಲ್ಲಿಯೂ ಎಳೆಯನನ್ನು ಉಳಿಸಿಕೊಂಡದ್ದರ ಫಲ ಕಾಣುತ್ತದೆ. ಬೆಂಗಳೂರು ತಂಡವು 2008ರಲ್ಲಿ ಹತ್ತೊಂಬತ್ತರ ಒಳಗಿನವರ ಸಾಲಿನಿಂದ ವಿರಾಟ್ ಕೊಹ್ಲಿಯವರನ್ನು ಆರಿಸಿಕೊಂಡಿತು. ಅವರನ್ನು ಎಂದೂ ಬಿಡಲಿಲ್ಲ. ಆದರೆ 2016ರಲ್ಲಿ 397 ಓಟ ಗಳಿಸಿ ತಂಡವನ್ನು ಅಂತಿಮ ಪಂದ್ಯಕ್ಕೆ ಮುಟ್ಟಿಸಿದವರಲ್ಲಿ ಒಬ್ಬರಾದ ನಮ್ಮ ರಾಹುಲರು 2018ರ ಹರಾಜಿನಲ್ಲಿ 11 ಕೋಟಿ ರೂಪಾಯಿಗೆ ಪಂಜಾಬಿನ ಪಾಲಾದರು. ದೇವದತ್ತ ಪಡಿಕ್ಕಲರು 2020ರಲ್ಲಿ ಉದಯೋನ್ಮುಖ ಆಟಗಾರನೆಂಬ ಬಹುಮಾನ ಪಡೆದು, 2022ಕ್ಕೆ ರಾಜಸ್ಥಾನಕ್ಕೆ ಹೋಗಿ, ಬಳಿಕ ಲಕ್ನೋ ತಂಡವನ್ನೂ ಸುತ್ತಿ, 2025ಕ್ಕೆ ಮತ್ತೆ ಬೆಂಗಳೂರಿಗೇ ಬಂದರು.

ಎಳೆಯನನ್ನು ಕೊಡದೆಯೇ ತಕ್ಷಣದ ನೆರವು ದೊರಕುವುದೂ ಉಂಟೆಂಬುದನ್ನು ಇದೇ ತಂಡ ಎರಡು ಸಲ ತೋರಿಸಿದೆ. 2011ರಲ್ಲಿ ಗಾಯಗೊಂಡ ನ್ಯಾನಿಸ್ ಅವರ ಬದಲಿಗೆ ಹರಾಜಿನಲ್ಲಿ ಯಾರೂ ಕೊಳ್ಳದಿದ್ದ ಕ್ರಿಸ್ ಗೇಯ್ಲ್ ಬಂದರು. ಆ ಋತುವಿನಲ್ಲಿ 608 ಓಟ ಹೊಡೆದರು. ತಂಡ ಅಂತಿಮ ಪಂದ್ಯವನ್ನು ತಲುಪಿತು. 2025ರ ಮೇ ತಿಂಗಳಲ್ಲಿ ಪಡಿಕ್ಕಲರು ಗಾಯಗೊಂಡಾಗ, ಹಿಂದೆ ಇದೇ ತಂಡದಲ್ಲಿದ್ದ ಮಯಾಂಕ್ ಅಗರವಾಲರನ್ನು ಕರೆದರು. ಲಕ್ನೋದಲ್ಲಿ 228ರ ಗುರಿಯನ್ನು ಬೆನ್ನಟ್ಟಿದಾಗ ಜಿತೇಶ್ ಶರ್ಮರ 85ರ ಜೊತೆಗೆ ಮಯಾಂಕರು ಔಟಾಗದೆ 41 ಓಟ ಗಳಿಸಿ ಪಂದ್ಯವನ್ನು ದಡ ಮುಟ್ಟಿಸಿದರು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ಓಟಗಳಿಂದ ಸೋಲಿಸಿ, ಹದಿನೆಂಟನೆಯ ಋತುವಿನಲ್ಲಿ ಬೆಂಗಳೂರು ಮೊದಲ ಪ್ರಶಸ್ತಿಯನ್ನು ಪಡೆಯಿತು.

ಹೊರಗಿನ ಹಿರಿಯನೂ ಒಳಗಿನ ಎಳೆಯನೂ ಒಟ್ಟಿಗೆ ಬಾಳಬಹುದೆಂಬುದಕ್ಕೆ ವಿದರ್ಭ ಒಳ್ಳೆಯ ನಿದರ್ಶನ. ಕರ್ನಾಟಕ ತಂಡದಲ್ಲಿ ಸ್ಥಾನ ತಪ್ಪಿದ ಕರುಣ್ ನಾಯರರು 2023ರಲ್ಲಿ ಅಲ್ಲಿಗೆ ಅತಿಥಿ ಆಟಗಾರರಾಗಿ ಹೋದರು. 2024-25ರ ರಣಜಿ ಅಂತಿಮ ಪಂದ್ಯದಲ್ಲಿ ಕೇರಳದ ಎದುರು 86 ಮತ್ತು 135 ಓಟ ಗಳಿಸಿದರು. ಅವರೊಡನೆ ನಿಂತು 153 ಹೊಡೆದ ದಾನಿಷ್ ಮಲೇವಾರರಿಗೆ ಇಪ್ಪತ್ತೊಂದು ವರ್ಷ. ಆ ಋತುವಿನಲ್ಲಿ 69 ವಿಕೆಟ್ ಪಡೆದ ಹರ್ಷ್ ದುಬೆಯವರಿಗೆ ಇಪ್ಪತ್ತೆರಡು. ವಿದರ್ಭವು ಹಿರಿಯನನ್ನು ಹುಡುಗರ ಬದಲಿಗೆ ತರಲಿಲ್ಲ, ಹುಡುಗರ ಜೊತೆಗೆ ತಂದಿತು. 2003ರ ವಿಶ್ವಕಪ್ಪಿನಲ್ಲಿ ಮೂವತ್ತಮೂರರ ಶ್ರೀನಾಥರು 16 ವಿಕೆಟ್ ಪಡೆದಾಗಲೂ ಹೀಗೆಯೇ ಆಗಿತ್ತು. ಅವರ ಎರಡು ಮಗ್ಗುಲಲ್ಲಿ ಜಹೀರ್ ಖಾನ್, ಆಶಿಶ್ ನೆಹ್ರಾ ಎಂಬ ತರುಣರಿದ್ದರು. 

ಇಷ್ಟರಿಂದ ಕೆಲವು ಸೂತ್ರಗಳನ್ನು ಹೊರಡಿಸಬಹುದು. ಮೊದಲನೆಯದು, ಪ್ರಶಸ್ತಿ ನಿಜವಾಗಿ ಹತ್ತಿರವಿದೆಯೆ ಎಂದು ನೋಡಬೇಕು. ಒಂದೇ ಕೊರತೆಯಿರುವ ತಂಡ ನೆರವನ್ನು ಕೊಳ್ಳಬಹುದು. ನಾಲ್ಕು ಕಡೆ ಸೋರುವ ಮನೆಗೆ ಒಂದು ಹೆಂಚು ತಂದು ಪ್ರಯೋಜನವಿಲ್ಲ. ಎರಡನೆಯದು, ಕೊಡುವ ಹುಡುಗನಂಥವರು ಇನ್ನೂ ಇಬ್ಬರಿದ್ದರೆ ಒಬ್ಬನನ್ನು ಕೊಡಬಹುದು. ಇರುವವನೊಬ್ಬನೇ ಆದರೆ ಅದು ಬಿತ್ತನೆಯ ರಾಗಿ. ಮೂರನೆಯದು, ಬರುವವನು ಎಷ್ಟು ಕಾಲ ಇರುತ್ತಾನೆ, ಹೋಗುವವನನ್ನು ನಾವು ಎಷ್ಟು ಕಾಲ ಇಟ್ಟುಕೊಳ್ಳಬಲ್ಲೆವು ಎಂಬುದನ್ನು ತೂಗಿ ನೋಡಬೇಕು. ನಾಲ್ಕನೆಯದೇ ಮುಖ್ಯವಾದುದು: ಏನನ್ನೂ ಕೊಡದೆ ನೆರವು ಸಿಗುವ ದಾರಿಯಿದೆಯೇ ಎಂದು ಮೊದಲು ಹುಡುಕಬೇಕು. ತಡವರಿಸುವ ತಂಡ ಗಾಬರಿಯಲ್ಲಿ ಮರೆಯುವುದು ಇದನ್ನೇ.

ಈ ಸೂತ್ರಗಳಿಂದ ಅಳೆದರೆ, ತಡವರಿಸುತ್ತಿರುವ ತಂಡವು ಬಹುಪಾಲು ಸಂದರ್ಭಗಳಲ್ಲಿ ತನ್ನ ಎಳೆಯರನ್ನು ಕೊಡಬಾರದೆಂದೇ ನನ್ನ ಅಭಿಪ್ರಾಯ. ತಡವರಿಸುವಿಕೆಗೆ ಕಾರಣ ಒಂದೇ ಕೊರತೆಯಾಗಿರುವುದು ಅಪರೂಪ. ಕಬ್ಸ್ ತಂಡ ಚಾಪ್ಮನ್ನನನ್ನು ತಂದಾಗ ಅದು ತಡವರಿಸುತ್ತಿರಲಿಲ್ಲ, ತನ್ನ ವಿಭಾಗದಲ್ಲಿ ಮುಂದಿತ್ತು. ಅದಕ್ಕೇ ಆ ಬೆಲೆ ದಕ್ಕಿತು.

ನಮ್ಮಂಥ ಕಾಲೇಜಿನ ತಂಡಗಳಿಗೂ ಇದು ಸಲ್ಲುವ ಮಾತು. ಇಲ್ಲಿ ಹರಾಜಿಲ್ಲ, ಕೋಟಿಗಳಿಲ್ಲ. ಆದರೂ ಅಂತರ ಕಾಲೇಜು ಪಂದ್ಯದ ಹಿಂದಿನ ದಿನ ಪಟ್ಟಿ ಬರೆಯುವಾಗ, ಅಂತಿಮ ವರ್ಷದ ಹನ್ನೊಂದು ಮಂದಿಯನ್ನೇ ಬರೆದುಬಿಡುವ ಆಸೆ ಯಾವ ನಾಯಕನಿಗಾದರೂ ಬರುತ್ತದೆ. ಬರೆದರೆ ಈ ವರ್ಷ ಗೆಲ್ಲಬಹುದು. ಮುಂದಿನ ಜೂನ್ ತಿಂಗಳಿಗೆ ಆ ಹನ್ನೊಂದು ಮಂದಿಯೂ ಕಾಲೇಜಿನಲ್ಲಿರುವುದಿಲ್ಲ. ಎರಡು ವರ್ಷ ಬರಿದೇ ನೀರು ಹೊತ್ತ ಹುಡುಗನು ಮೂರನೆಯ ವರ್ಷ ಮೈದಾನಕ್ಕೆ ಬರುವ ಹೊತ್ತಿಗೆ ಆಟದ ಹಂಬಲವನ್ನೇ ಕಳೆದುಕೊಂಡಿರಬಹುದು. ಎಂಟು ಮಂದಿ ಹಿರಿಯರು, ಮೂವರು ಕಿರಿಯರು ಎಂಬ ಪಟ್ಟಿಯಿಂದ ಒಂದು ಪಂದ್ಯ ಸೋತರೂ ಸೋಲಬಹುದು. ಆದರೆ ಹಿರಿಯರು ಬೀಳ್ಕೊಂಡ ಮರುದಿನವೂ ಕಾಲೇಜಿಗೆ ಒಂದು ತಂಡವಿರುತ್ತದೆ.