ಯಕ್ಸಂಬಾದ ಹಿಂದ್ ಕೇಸರಿ

ಜತ್ತ, ಅಕ್ಕಲಕೋಟೆಗಳ ಕಡೆಯ ಜಾತ್ರೆಯಲ್ಲಿ ಕುಸ್ತಿಯ ಕಣದ ಸುತ್ತ ಕುಳಿತವರಿಗೆ 'ಹಿಂದ್ ಕೇಸರಿ' ಎಂಬ ಹೆಸರು ಹೊಸದಲ್ಲ. ತೊಡಲು ಲಂಗೋಟಿ, ಹಿಡಿಯಲು ಎದುರಾಳಿಯ ಮೈ. ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಆ ಮಣ್ಣಿನ ಕುಸ್ತಿಗೆ ಇಡೀ ದೇಶದ ಬಿರುದೊಂದು 1958ರಲ್ಲಿ ಆರಂಭವಾಯಿತು. ಗೆದ್ದವರ ಹೆಗಲಿಗೆ ಗದೆ.

ಮರುವರ್ಷವೇ ದಿಲ್ಲಿಯಲ್ಲಿ ಪಂಜಾಬದ ಬಂತಾ ಸಿಂಗರನ್ನು ಕೆಡವಿ ಬಿರುದು ಪಡೆದವರು ಶ್ರೀಪತಿ ಖಂಚನಾಳೆ. 1959ರಲ್ಲಿಯೇ ಅವರು 'ಮಹಾರಾಷ್ಟ್ರ ಕೇಸರಿ'ಯೂ ಆದರು. (ಮಹಾರಾಷ್ಟ್ರ ರಾಜ್ಯವೇ ಹುಟ್ಟಿದ್ದು 1960ರಲ್ಲಿ ಎಂಬುದು ಬೇರೆ ಮಾತು!) ಅವರನ್ನು ಕೊಲ್ಲಾಪುರದ ಮಲ್ಲರೆಂದೇ ಎಲ್ಲರೂ ಕರೆದರು. ಅದರಲ್ಲಿ ತಪ್ಪಿಲ್ಲ. ಪಟ್ಟುಗಳನ್ನು ಕಲಿತದ್ದು ಅಲ್ಲಿಯ ತಾಲೀಮಿನಲ್ಲಿ. 2020ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದ್ದೂ ಅಲ್ಲಿಯೇ. ಆದರೆ ಹುಟ್ಟೂರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಯಕ್ಸಂಬಾ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಯಕ್ಸಂಬಾ ಮೈಸೂರು ರಾಜ್ಯಕ್ಕೆ ಸೇರಿತು, ಕೊಲ್ಲಾಪುರ ಮುಂಬಯಿಯಲ್ಲಿ ಉಳಿಯಿತು. ಅದಾಗಿ ಮೂರು ವರ್ಷಕ್ಕೆ ಬಂದ ಗದೆಯನ್ನು ಯಾವ ರಾಜ್ಯದ ಲೆಕ್ಕಕ್ಕೆ ಬರೆಯೋಣ? ಗೆರೆಯ ಆಚೆ ಮನೆ, ಈಚೆ ಅನ್ನ ಎಂಬಂತೆ ಬಾಳುವ ನಮಗೆ ಎರಡೂ ಊರುಗಳನ್ನು ಬರೆದುಕೊಳ್ಳುವುದೇ ಸರಿಯೆನಿಸುತ್ತದೆ.

ಅವರ ಬೆನ್ನಿಗೇ 1960ರಲ್ಲಿ ಗಣಪತರಾವ ಆಂದಳಕರ, 1964ರಲ್ಲಿ ಮಾರುತಿ ಮಾನೆ ಹಿಂದ್ ಕೇಸರಿಗಳಾದರು. 1962ರ ಜಕಾರ್ತಾ ಏಷ್ಯಾ ಕ್ರೀಡಾಕೂಟದಲ್ಲಿ ಇಬ್ಬರೂ ಚಿನ್ನ ಗೆದ್ದವರು. ಇಬ್ಬರೂ ಸಾಂಗಲಿ ಜಿಲ್ಲೆಯವರು. ನಮ್ಮ ಜತ್ತವೂ ಅದೇ ಜಿಲ್ಲೆಗೆ ಸೇರಿದ್ದು.