ಜೋಡಿ ಸಿಕ್ಕರೆ ಮಾತ್ರ ಹೊಳೆಯುವ ಡಿಎನ್‌ಎ ತುಣುಕು

ಫ್ಲೋರೊಸೆಂಟ್ ಪ್ರೋಬ್ ಎಂಬುದು ಪ್ರಯೋಗಾಲಯದಲ್ಲಿ ತಯಾರಿಸಿದ, ಸುಮಾರು 20ರಿಂದ 30 ಅಕ್ಷರಗಳಷ್ಟೇ ಉದ್ದದ ಡಿಎನ್‌ಎ ತುಣುಕು. ಡಿಎನ್‌ಎಯ ಅಕ್ಷರಗಳು ನಾಲ್ಕೇ. ಎ ಎದುರು ಟಿ, ಜಿ ಎದುರು ಸಿ ಮಾತ್ರ ಕೂರುತ್ತದೆ. ಹಾಗಾಗಿ ರೋಗಾಣುವಿನ ಒಂದು ಭಾಗದ ಅಕ್ಷರಸಾಲು ಗೊತ್ತಿದ್ದರೆ, ಅದಕ್ಕೆ ಜೋಡಿಯಾಗುವ ತುಣುಕನ್ನು ಹೆಣೆಯಬಹುದು.

ಈ ವಿದ್ಯೆಯ ಬೆಲೆ ತಿಳಿಯಲು ಬೆಳ್ತಂಗಡಿಯ ಮಂಗನ ಕಾಯಿಲೆಯನ್ನು ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಯ ವೈರಸ್, 1982-83ರಲ್ಲಿ ಬೆಳ್ತಂಗಡಿಯ ನಿಡ್ಲೆ ಸುತ್ತಿನ ಕಾಡಂಚಿನ ಊರುಗಳನ್ನು ಕಾಡಿತು. ಉಣುಗು ಕಚ್ಚಿದವರಿಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು. ಬಂಟ್ವಾಳ, ಮೂಡುಬಿದಿರೆ ಕಡೆಯೂ ಕಾಣುವ ಡೆಂಗಿ, ಇಲಿಜ್ವರಗಳು ಶುರುವಾಗುವುದೂ ಹೀಗೆಯೇ. ಲಕ್ಷಣ ನೋಡಿಯಷ್ಟೇ ಹೇಳಲಾಗದ್ದರಿಂದ, ಅಂದು ವೈರಸ್ಸನ್ನು ಖಚಿತಪಡಿಸಲು ರೋಗಿಯ ಸೀರಮ್ಮನ್ನು ಇಲಿಮರಿಗಳಿಗೆ ಚುಚ್ಚಿ ದಿನಗಟ್ಟಲೆ ಕಾಯಬೇಕಿತ್ತು. ಜ್ವರದಲ್ಲಿ ಬಳಲುವವರಿಗೆ ಆ ಕಾಯುವಿಕೆ ತೀರಾ ದುಬಾರಿ.

ಇಂದು ಪ್ರೋಬ್ ಬಳಸುವ ರಿಯಲ್ ಟೈಮ್ ಪಿಸಿಆರ್ ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುತ್ತದೆ. ಮಂಗನ ಕಾಯಿಲೆಯ ವೈರಸ್ಸಿನಲ್ಲಿರುವುದು ಆರ್‌ಎನ್‌ಎ. ಆದ್ದರಿಂದ ಮೊದಲು ಕಿಣ್ವವೊಂದು ಅದರ ಡಿಎನ್‌ಎ ಪ್ರತಿ ಮಾಡುತ್ತದೆ. ಬಳಿಕ ಪುಟ್ಟ ಟ್ಯೂಬನ್ನು 95 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, 60ರ ಆಸುಪಾಸಿಗೆ ತಣಿಸುತ್ತಾರೆ. ಹೀಗೆ ಕಾಯಿಸಿ ತಣಿಸುವ ಪ್ರತಿ ಸುತ್ತಿಗೂ ಡಿಎನ್ಎ ಪ್ರತಿಗಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ. ಸಾಮಾನ್ಯವಾಗಿ 40 ಸುತ್ತು.

ಇಲ್ಲಿ ಬಳಸುವ ಟ್ಯಾಕ್‌ಮ್ಯಾನ್ ಪ್ರೋಬಿನ ಒಂದು ತುದಿಯಲ್ಲಿ ಹೊಳೆಯುವ ಬಣ್ಣವಿರುತ್ತದೆ, ಇನ್ನೊಂದು ತುದಿಯಲ್ಲಿ ಆ ಹೊಳಪನ್ನು ಹೀರುವ ಅಣು. ಎರಡೂ ಹತ್ತಿರವಿರುವಷ್ಟು ಕಾಲ ಬೆಳಕು ಹೊರಬರದು. ಪ್ರೋಬ್ ತನ್ನ ಜೋಡಿಯ ಮೇಲೆ ಕುಳಿತಾಗ, ಪ್ರತಿ ಮಾಡುತ್ತಾ ಬರುವ ಟ್ಯಾಕ್ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಬಣ್ಣ ಬಿಡುಗಡೆಯಾಗಿ ಹೊಳೆಯುತ್ತದೆ. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಬಂದ ಈ ಕಿಣ್ವ ಅಷ್ಟು ಕಾವಿನಲ್ಲೂ ಕೆಡದು. ಇಡೀ ತಂತ್ರ ನಿಂತಿರುವುದೇ ಈ ಗುಣದ ಮೇಲೆ.

ಯಂತ್ರ ಪ್ರತಿ ಸುತ್ತಿನಲ್ಲೂ ಬೆಳಕನ್ನು ಅಳೆಯುತ್ತದೆ. 20ನೇ ಸುತ್ತಿಗೇ ಬೆಳಕಿನ ಗೆರೆ ಮೇಲೇರಿದರೆ ವೈರಸ್ ಹೇರಳ, 35ಕ್ಕೆ ಏರಿದರೆ ಬಹಳ ಕಡಿಮೆ. ವೈರಸ್ಸಿನ ಅಕ್ಷರಸಾಲು ಬದಲಾದರೆ ಪ್ರೋಬ್ ಸರಿಯಾಗಿ ಕೂರದೆ ಹೋಗಬಹುದು. ಅದಕ್ಕೇ ಸುಲಭವಾಗಿ ಬದಲಾಗದ ಜೀನ್ ಭಾಗವನ್ನು ಆರಿಸುತ್ತಾರೆ.

ಇನ್ನೊಂದು ಮಿತಿ ಕಾಲದ್ದು. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ಸಿಗುತ್ತದೆ, ಆಮೇಲೆ ಕ್ಷೀಣಿಸುತ್ತದೆ. ತಡವಾಗಿ ಬಂದವರಿಗೆ ಐಜಿಎಂ ಪ್ರತಿಕಾಯದ ಪರೀಕ್ಷೆಯೇ ಸರಿ. ಹಾಗಾಗಿ ಮಾದರಿಯೊಂದಿಗೆ ಜ್ವರ ಶುರುವಾದ ದಿನವನ್ನೂ ಬರೆದು ಕಳಿಸಬೇಕು.