ನೋಯದ ಗಂಟು, ನಿಧಾನದ ಬಾಟಲಿ

ಮೇ, ಜೂನ್ ಬಂತೆಂದರೆ ಶ್ರೀನಿವಾಸಪುರದ ಮಾವಿನ ತೋಟದವರಿಗೆ ಮೈಮೇಲೆ ಪರಿವೆ ಇರುವುದಿಲ್ಲ. ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಎದ್ದಿದ್ದರೂ, ನೋವಿಲ್ಲ, ಜ್ವರವಿಲ್ಲ, ಕೊಯ್ಲು ಮುಗಿಯಲಿ ಎಂದು ಸುಮ್ಮನಾಗುತ್ತಾರೆ. ಮುಳಬಾಗಿಲಿನ ಟೊಮೆಟೊ ಬೆಳೆಗಾರರೂ ಮಾಲೂರಿನ ಕಾರ್ಖಾನೆ ಕೆಲಸದವರೂ ಇದಕ್ಕೆ ಹೊರತಲ್ಲ. ನೋಯುವ ಗಂಟಿಗಿಂತ ನೋಯದ ಗಂಟನ್ನು ಬೇಗ ತೋರಿಸಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ನಮ್ಮ ಕೋಲಾರದ ಕಡೆ ಇಂಥ ಗಂಟು ಕಂಡರೆ ಮೊದಲ ಅನುಮಾನ ಟಿಬಿ ಮೇಲೆ. ಅದು ತಪ್ಪಲ್ಲ. ಆದರೆ ಸೂಜಿ ಚುಚ್ಚಿ ತೆಗೆದ ಹನಿಯಲ್ಲಿ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಖಚಿತವಾಗದೆ ಹೋಗಬಹುದು. ಸಾಧ್ಯವಿದ್ದಲ್ಲಿ ಇಡೀ ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸುವುದು ಒಳ್ಳೆಯದು. ಕೋಲಾರದ ಟಮಕದಲ್ಲಿ ಜಾಲಪ್ಪ ಆಸ್ಪತ್ರೆಯಿದೆ, ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಲಿಂಫೋಮಾಗಳಲ್ಲಿ ಫಾಲಿಕ್ಯುಲರ್ ಎಂಬುದು ನಿಧಾನವಾಗಿ ಬೆಳೆಯುವ ಜಾತಿಯದು. ತೊಂದರೆ ಕೊಡದಿದ್ದರೆ ವೈದ್ಯರು ಔಷಧವನ್ನೇ ಕೊಡದೆ ವರ್ಷಗಟ್ಟಲೆ ತಪಾಸಣೆ ಮಾಡುತ್ತಾ ಕಾಯುವುದೂ ಉಂಟು. "ಕ್ಯಾನ್ಸರ್ ಅಂತೀರಾ, ಔಷಧಿ ಬೇಡ ಅಂತೀರಾ?" ಎಂದು ಮನೆಯವರು ಕಂಗಾಲಾಗುತ್ತಾರೆ. ಅದು ಕೈಬಿಟ್ಟದ್ದಲ್ಲ, ಅದೂ ಚಿಕಿತ್ಸೆಯ ಕ್ರಮವೇ.

ಔಷಧ ಬೇಕಾದಾಗ ಬರುವ ಹೆಸರು ರಿಟುಕ್ಸಿಮ್ಯಾಬ್. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ರತಿಕಾಯ ಇದು. ಕೋಲಾರದ ಮಾರ್ಕೆಟ್ಟಿನಲ್ಲಿ ಕ್ರೇಟಿನ ಗುರುತು ನೋಡಿ ಯಾವ ಮಂಡಿಯದೆಂದು ಹೇಳುವಂತೆ, ಈ ಕ್ಯಾನ್ಸರ್ ಹುಟ್ಟುವ ಬಿ-ಕಣಗಳೆಂಬ ಬಿಳಿ ರಕ್ತಕಣಗಳ ಮೈಮೇಲಿನ ಸಿಡಿ-20 ಎಂಬ ಗುರುತನ್ನು ಹುಡುಕಿ ಇದು ಅಂಟಿಕೊಳ್ಳುತ್ತದೆ. ಆಮೇಲೆ ದೇಹದ ಕಾವಲು ಕಣಗಳೇ ಅವನ್ನು ಮುಗಿಸುತ್ತವೆ. ಒಳ್ಳೆಯ ಬಿ-ಕಣಗಳಿಗೂ ಅದೇ ಗುರುತಿರುವುದರಿಂದ ಅವೂ ಹೋಗುತ್ತವೆ. ಅವನ್ನು ಹುಟ್ಟಿಸುವ ಮೂಲಕಣಗಳಿಗೆ ಆ ಗುರುತಿಲ್ಲ, ಹಾಗಾಗಿ ಕೆಲವು ತಿಂಗಳಲ್ಲಿ ಹೊಸವು ಹುಟ್ಟುತ್ತವೆ. ಹಲವರಿಗೆ ಇದರ ಜೊತೆ ಕೀಮೋ ಕೂಡ ಬೇಕಾಗುತ್ತದೆ. ಶುರು ಮಾಡುವ ಮೊದಲು ಹೆಪಟೈಟಿಸ್-ಬಿ ಪರೀಕ್ಷೆ ಆಗಿರಲೇಬೇಕು. ಅಡಗಿ ಕೂತ ಆ ವೈರಸ್ ಮತ್ತೆ ಎದ್ದು ಲಿವರ್‌ಗೆ ಪ್ರಾಣಾಪಾಯ ತರಬಹುದು.

ಮೊದಲ ದಿನ ಬಾಟಲಿ ಗಂಟೆಗೆ 50 ಮಿಲಿಗ್ರಾಂನಂತೆ ಶುರುವಾಗುತ್ತದೆ. ಅರ್ಧ ಗಂಟೆಗೊಮ್ಮೆ ನರ್ಸಮ್ಮ ಬಂದು ಬಿಪಿ, ಜ್ವರ ನೋಡಿ ವೇಗ ಹೆಚ್ಚಿಸುತ್ತಾರೆ. ಮೊದಲೇ ಜ್ವರದ ಮಾತ್ರೆ, ಅಲರ್ಜಿ ಮದ್ದು ಕೊಟ್ಟಿದ್ದರೂ ಕೆಲವರಿಗೆ ಹಲ್ಲು ಕಟಕಟಿಸುವ ನಡುಕ ಬರುತ್ತದೆ. ಬಾಟಲಿ ನಿಲ್ಲಿಸಿ, ಕಂಬಳಿ ಹೊದಿಸಿ, ನಡುಕ ಇಳಿದ ಮೇಲೆ ಇನ್ನೂ ನಿಧಾನವಾಗಿ ಬಿಡುತ್ತಾರೆ. ಇದಕ್ಕೇ ಇಡೀ ದಿನ ಹೋಗಬಹುದು. ಮುಳಬಾಗಿಲಿನಿಂದ ಬರುವವರು ಅಂದೇ ಊರಿಗೆ ಮರಳುವ ಲೆಕ್ಕ ಹಾಕದೆ, ಜೊತೆಗೊಬ್ಬರನ್ನು ಕರೆದುಕೊಂಡು ಬರಲಿ.

2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಇದೇ ಔಷಧದ ತನ್ನ ರೂಪವಾದ ರೆಡಿಟಕ್ಸ್ ಅನ್ನು ವಿದೇಶಿ ಔಷಧಕ್ಕಿಂತ ಸುಮಾರು ಅರ್ಧ ಬೆಲೆಗೆ ತಂದಿತು. ಆ ಅರ್ಧವೂ ಬಡವರ ಕೈಗೆ ಭಾರವೇ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್ ಹಿಡಿದು, ಈ ಔಷಧ ಅದರಲ್ಲಿ ಸೇರುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಮೊದಲ ಸಲದ ಬಾಟಲಿ ಮೈಗೆ ಒಗ್ಗಿದರೆ ಎರಡನೆಯ ಸಲ ಗಂಟೆಗೆ 100 ಮಿಲಿಗ್ರಾಂನಿಂದಲೇ ಶುರು. ಬೆಳಿಗ್ಗೆ ಬೇಗ ಹಾಸಿಗೆ ಸಿಕ್ಕರೆ ಮಾಲೂರಿನವರು ಸಂಜೆಯ ರೈಲು ಹಿಡಿಯಬಹುದು.